ಬ್ರೈಲ್ ಪ್ರೆಸ್ಸಿನಲ್ಲಿ ಕಾಣೆಯಾದ ಫೈಲು

ಬ್ರೈಲ್ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದ, ಅವಳು ಅಣ್ಣ ಎನ್ನುತ್ತಿದ್ದ ಕರಡು ತಿದ್ದುವವನೂ. ಅಣ್ಣನಿಗೆ ಕಣ್ಣು ಕಾಣದು. ಬೆರಳಲ್ಲೇ ತಪ್ಪು ಹಿಡಿಯುತ್ತಿದ್ದ. ಅಕ್ಷರಗಳನ್ನು ಚುಕ್ಕಿಗಳಾಗಿಸುವ ಕಂಪ್ಯೂಟರು ಅಕ್ಕನ ಪಾಲಿನದು. ಅದು ಕೆಟ್ಟರೆ ಬೈಯುವವಳೂ ಅವಳೇ, ಸರಿಮಾಡುವವಳೂ ಅವಳೇ.

ಆ ದಿನ ಹೊಸದಾಗಿ ಲಿನಕ್ಸ್ ಹಾಕಿದ ಕಂಪ್ಯೂಟರು, ಯಾವ ಅಕ್ಷರಕ್ಕೆ ಯಾವ ಚುಕ್ಕಿಗಳೆಂಬ ಕೋಷ್ಟಕವಿರುವ ಫೈಲು ಸಿಗುತ್ತಿಲ್ಲವೆಂದು ಕೈಚೆಲ್ಲಿತು. ಸಂಜೆ ವ್ಯಾನಿನಲ್ಲಿ ಅಂಧ ಮಕ್ಕಳ ಶಾಲೆಗೆ ವಿಜ್ಞಾನದ ಪುಸ್ತಕ ಹೋಗಬೇಕು. ಸೋಮವಾರ ಅವರಿಗೆ ಪರೀಕ್ಷೆ.

ಅಕ್ಕ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನಿಂದ ಅದೇ ಹೆಸರಿನ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದಳು. ಪಕ್ಕದ ಮನೆಯಿಂದ ಏಣಿ ತಂದಷ್ಟು ಸಲೀಸಾಗಿತ್ತು ಕೆಲಸ. ಚುಕ್ಕಿ ಒತ್ತುವ ಯಂತ್ರ ಟಕಟಕ ಎನ್ನುತ್ತ ಹಾಳೆ ಉಗುಳತೊಡಗಿತು.

ಅಣ್ಣ ಹಾಳೆಯ ಮೇಲೆ ಬೆರಳಾಡಿಸಿ ನಿಂತುಬಿಟ್ಟ.

"ಅಕ್ಕ, ಒತ್ತಕ್ಷರಗಳೆಲ್ಲ ದಾರಿ ತಪ್ಪಿವೆ."

"ಮಕ್ಕಳು ಜಾಣರು, ಊಹೆ ಮಾಡ್ಕೊಳ್ತಾರೆ ಬಿಡಣ್ಣ."

"ಉತ್ತರಾನೂ ಊಹೆ ಮಾಡೇ ಬರೀಬೇಕಾ?"

"ನಿನ್ನ ಬೆರಳಿಗೆ ಒಂದು ದಿನ ರಜೆ ಕೊಡಬಾರದಾ?" ಎಂದಳು. ಆದರೂ ಯಂತ್ರ ನಿಲ್ಲಿಸಿದಳು. ಹಳೆಯ ಕೋಷ್ಟಕ ಹೊಸ ತಂತ್ರಾಂಶಕ್ಕೆ ಹೊಂದುತ್ತಿರಲಿಲ್ಲ. ತಂದ ಫೈಲನ್ನು ಅಳಿಸಿ, ಆ ಹೆಸರಿನ ಫೈಲು ಯಾವ ಪ್ಯಾಕೇಜಿನದು, ಅಂದರೆ ಲಿನಕ್ಸಿನ ಯಾವ ತಂತ್ರಾಂಶದ ಕಟ್ಟಿನದು ಎಂದು ಒಂದು ಆಜ್ಞೆ ಕೊಟ್ಟು ಕಂಪ್ಯೂಟರನ್ನು ಕೇಳಿದಳು. ಯಾವುದರದೂ ಅಲ್ಲವೆಂಬ ಉತ್ತರ ಬಂತು. ಮತ್ತೆ ಕೇಳಿದಳು, ಮತ್ತೆ ಅದೇ ಮಾತು.

ಆಮೇಲೆ ಹೊಳೆಯಿತು. ಆ ಆಜ್ಞೆ ಹುಡುಕುವುದು ಈಗಾಗಲೇ ಹಾಕಿರುವ ಪ್ಯಾಕೇಜುಗಳಲ್ಲಿ ಮಾತ್ರ. ಮನೆಗೆ ಬಾರದ ನೆಂಟನ ಸುದ್ದಿಯನ್ನು ಮನೆಯವರನ್ನೇ ಕೇಳಿದಂತಾಗಿತ್ತು. ಆಪ್ಟ್-ಫೈಲ್ ಎಂಬ ಹುಡುಕಾಟದ ಸಾಧನ ಇನ್ನೂ ಹಾಕದ ಪ್ಯಾಕೇಜುಗಳ ಒಳಗನ್ನೂ ಬಲ್ಲದು. ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ಅದರ ಪಟ್ಟಿಯನ್ನು ಹೊಸದಾಗಿಸಿ, ಫೈಲಿನ ಹೆಸರು ಕೊಟ್ಟಳು. ಕೋಷ್ಟಕಗಳು ಬೇರೊಂದು ಪ್ಯಾಕೇಜಿನಲ್ಲಿದ್ದವು. ಅವಳು ತಂತ್ರಾಂಶವನ್ನಷ್ಟೇ ಹಾಕಿದ್ದಳು.

ಪ್ಯಾಕೇಜು ಇಳಿಯುವಷ್ಟರಲ್ಲಿ ವ್ಯಾನು ಬಂತು.

"ಅಕ್ಕಾ, ಅಲ್ಲಿ ರಾಶಿ ಹಾಳೆ ಬಿದ್ದಿದೆಯಲ್ಲ, ಅದನ್ನೇ ಹೇರಿಬಿಡ್ಲಾ?" ಎಂದ ಡ್ರೈವರು.

"ಅದು ರದ್ದಿಗೆ. ಕೂತ್ಕೋ."

"ಕತ್ತಲಾದ್ರೆ ಆ ರಸ್ತೇಲಿ ಹೋಗೋದು ನೀವಲ್ಲ, ನಾನು."

"ಗೊತ್ತು. ಆದ್ರೂ ಕೂತ್ಕೋ."

ಮೊದಲ ಹಾಳೆ ಹೊರಬಂದಾಗ ಅಕ್ಕ ಅದನ್ನು ಅಣ್ಣನ ಕೈಗಿಟ್ಟು ಅವನ ಬೆರಳನ್ನೇ ನೋಡಿದಳು. ಅದು ಸಾಲಿನ ಕೊನೆಯವರೆಗೂ ತಡೆಯಿಲ್ಲದೆ ಸಾಗಿತು. ಎರಡನೆಯ ಸಾಲು, ಮೂರನೆಯದು.

"ಇನ್ನೊಂದು ಕೊಡು," ಎಂದ ಅಣ್ಣ.

ಡ್ರೈವರು ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಚಾಚಿದ.