ಉಳ್ಳಾಗಡ್ಡಿ ಹೊಲದ ಹಾಡಿಗೆ ಗಿಟಾರು

ನಾನು ಹಾಡು ಕಲಿತದ್ದು ಉಳ್ಳಾಗಡ್ಡಿ ಹೊಲದಲ್ಲಿ. ವಿಜಯಪುರ ಕಡೆಯ ನಮ್ಮೂರಿನಲ್ಲಿ ಹೆಂಗಸರು ಸಾಲಾಗಿ ಕೂತು ಕಳೆ ತೆಗೆಯುತ್ತ ಮುಂದೆ ಸರಿಯುತ್ತಿದ್ದರು. ಅವ್ವ ಒಂದು ನುಡಿ ಎತ್ತಿಕೊಟ್ಟರೆ ಉಳಿದವರು ಅದನ್ನೇ ಮರಳಿ ಹೇಳುವರು. ಅದನ್ನು ಸಂಗೀತ ಎಂದು ಯಾರೂ ಕರೆಯುತ್ತಿರಲಿಲ್ಲ.

ಮದುವೆಯಾಗಿ ಅಮೆರಿಕಕ್ಕೆ, ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ಗೆ ಬಂದೆ. ಬೆಂಗಳೂರಿನವರಾದ ನನ್ನ ಗಂಡ ಬೆಳಗಾಗುವ ಮೊದಲೇ ಆಫೀಸಿಗೆ ಕಾರು ಹತ್ತುತ್ತಿದ್ದರು. ನಾನು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಂಡು ಮಧ್ಯಾಹ್ನ ಮನೆಗೆ ಬಂದು, ಹಿತ್ತಲಿನ ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತ ಹಾಡಿಕೊಳ್ಳುತ್ತಿದ್ದೆ. ಒಂದು ದಿನ ಬೇಲಿಯಾಚೆಯಿಂದ ಗಿಟಾರೊಂದು ನನ್ನ ದನಿಯ ಜೊತೆಗೂಡಿತು. ನುಡಿಸುತ್ತಿದ್ದವರು ಪಕ್ಕದ ಮನೆಯ ಅಜ್ಜ. ಹರೆಯದಲ್ಲಿ ಬೆಳ್ಳುಳ್ಳಿ ಹೊಲಗಳಲ್ಲಿ ದುಡಿದು, ವಾರದ ಕೊನೆಗೆ ಕಂಟ್ರಿ ಸಂಗೀತದ ಬ್ಯಾಂಡಿನಲ್ಲಿ ನುಡಿಸಿದವರು.

"ನಡುನಡುವೆ ಯಾಕೆ ನಿಲ್ಲುತ್ತೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲಿ ಕಳೆ ತೆಗೆಯುವವರು ಮುಂದೆ ಸರಿಯಬೇಕು," ಎಂದೆ.

ಅವರು ತಂತಿಗಳ ಮೇಲೆ ಅಂಗೈ ಇಟ್ಟರು. "ಹಾಗಾದರೆ ಅಲ್ಲಿ ಗಿಟಾರೂ ಸುಮ್ಮನಿರಬೇಕು."

ಆ ಚಳಿಗಾಲವೆಲ್ಲ ಅವರ ಜಗಲಿಯಲ್ಲಿ ಕೂತು ಗಿಟಾರು ಕಲಿತೆ. ಬೆರಳ ತುದಿಗಳು ಸುಲಿದು ಗಟ್ಟಿಯಾದವು. ಆಮೇಲೆ ನನ್ನದೇ ಒಂದು ಹಾಡು ಕಟ್ಟಿದೆ. ಗಂಡ ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆ, ಮನೆಯಲ್ಲಿ ಸಾರು ಆರುತ್ತಿದೆ, ಇಷ್ಟೇ ಅದರ ಕಥೆ.

ನನ್ನ ಗಂಡ ಕೇಳಿ ನಕ್ಕರು. "ಸ್ಟೇಜಲ್ಲಿ ಹಾಡು ಕಣೇ. ಇಲ್ಲಿ ಎಲ್ಲರ ಮನೇಲೂ ಇದೇ ಕಥೆ."

ಯೂನಿಯನ್ ಸಿಟಿಯಲ್ಲಿ ಕನ್ನಡಿಗರ ಕಾರ್ಯಕ್ರಮವೊಂದಕ್ಕೆ ಹೆಸರು ಕೊಟ್ಟೆ. ನಿರೂಪಣೆ ಮಾಡುತ್ತಿದ್ದ ಹುಡುಗಿ ನನ್ನ ಗಿಟಾರು ನೋಡಿ, "ಮೇಡಂ, ಇದು ಭಾವಗೀತೆನಾ, ಜಾನಪದಾನಾ? ಅನೌನ್ಸ್ ಮಾಡ್ಬೇಕಿತ್ತು," ಎಂದಳು.

"ಹೊಲದ ಹಾಡು ಅನ್ರಿ," ಎಂದೆ.

ಫ್ರೀವೇ ಹಾಡಿಗೆ ಅಲ್ಲಲ್ಲಿ ನಗು ಬಂತು, ಆದರೂ ಜನರ ಗಮನ ಊಟದ ಕಡೆಗಿತ್ತು. ಎರಡನೆಯದಕ್ಕೆ ಅವ್ವನ ನುಡಿಯೊಂದನ್ನು ಎತ್ತಿಕೊಂಡೆ. ನುಡಿ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ಒಡಕು ದನಿಯೊಂದು ಅದನ್ನೇ ಮರಳಿ ಹಾಡಿತು. ಮಗಳ ಮನೆಗೆ ಬಂದಿದ್ದ ಧಾರವಾಡ ಕಡೆಯ ಅಜ್ಜಿ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ನಾನು ಮುಂದಿನ ನುಡಿ ಕೊಟ್ಟೆ, ಅವರು ತಿರುಗಿ ಕೊಟ್ಟರು. ಮೂರನೆಯ ನುಡಿಗೆ ಅವರ ಮಗಳು ಸೇರಿದಳು, ಆಮೇಲೆ ಇಡೀ ಸಭೆ. ಕೊನೆಗೆ ಮತ್ತೆ ಮೊದಲ ನುಡಿಗೆ ಬಂದಾಗ ನಾನು ಗಿಟಾರಷ್ಟೇ ನುಡಿಸಿದೆ. ನನ್ನ ಪಾಲನ್ನೂ ಜನರೇ ಹಾಡಿ ಮುಗಿಸಿದರು.

ಇಳಿದು ಬಂದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಯಾವೂರಾಕಿ ಯವ್ವಾ ನೀ? ಹೊಲದಾಗ ಹಾಡಿದ ದನಿ ಅದ ನಿಂದು."

ಅಲ್ಲಿಂದ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಯಿತು. ಸ್ಯಾನ್ ರಮೋನ್‌ನ ಹಿತ್ತಲ ಊಟಗಳಿಗೆ, ಆಮೇಲೆ ಕನ್ನಡ ಬಾರದವರೇ ತುಂಬಿದ ರೈತರ ಸಂತೆಗಳಿಗೆ ಕರೆ ಬಂತು. ಎರಡು ವರ್ಷದಲ್ಲಿ ಡೇಕೇರು ಬಿಟ್ಟೆ. ಪಕ್ಕದ ಮನೆಯ ಅಜ್ಜ ಈಗಲೂ ನನ್ನ ಜೊತೆ ನುಡಿಸುತ್ತಾರೆ. ಇಲ್ಲೇ ಹುಟ್ಟಿದ ನನ್ನ ಮಗಳು ಮಾತಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ಹಾಡಿಗೆ ದನಿಗೂಡಿಸುತ್ತಾಳೆ.

ಮೊನ್ನೆ ಊರಿಗೆ ಹೋದಾಗ ಅವ್ವನಿಗೆ ನನ್ನ ಹಾಡಿನ ವಿಡಿಯೊ ತೋರಿಸಿದೆ.

"ಇದ ಏನ ನಿನ್ನ ಕೆಲಸ?"

"ಹೌದವ್ವಾ. ಹಾಡೂದ ಕೆಲಸ."

"ನಿಂತ ಹಾಡತಿ?"

"ನಿಂತ ಹಾಡತೀನಿ."

"ಚಲೋ ಆತು ಬಿಡು," ಎಂದಳು ಅವ್ವ. "ಬೆನ್ನರ ನೋಯಂಗಿಲ್ಲ."