ಗುಂಡಿ ಹಚ್ಚದ ಅಂಗಿ

ಹೋದ ವಾರ ಚಳಿಗೆಂದು ಕೌದಿ ಹುಡುಕುವಾಗ ಟ್ರಂಕಿನ ತಳದಿಂದ ಒಂದು ಹಳದಿ ಅಂಗಿ ಕೈಗೆ ಬಂತು. ಮೂಗಿಗೆ ಹಿಡಿದೆ. ಮೊದಲು ಡಾಂಬರಗುಳಿಗೆಯ ವಾಸನೆ, ಅದರ ಕೆಳಗೆ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ. ತುಂಬು ತೋಳು, ಬೆನ್ನಿಗೆ ಎಂಟರ ಅಂಕಿ, ಎದೆಗೆ ಗುಂಡಿ ತೂರಿಸುವ ನಾಲ್ಕು ಕಾಜಾ. ಕಾಜಾ ನನ್ನ ಕೈಯವು. ಗುಂಡಿ ಒಂದೂ ಇಲ್ಲ.

ಪಡಸಾಲೆಯಲ್ಲಿ ಮೊಮ್ಮಕ್ಕಳು ಮೊಬೈಲನ್ನು ನಡುವೆ ಇಟ್ಟುಕೊಂಡು ಜಗಳಾಡುತ್ತಿದ್ದರು. ಯಾವುದೋ ದೂರ ದೇಶದ ಫುಟ್‌ಬಾಲ್ ತಂಡ. ಮೈದಾನದ ನಡುವೆ ಆಡಲು ಹೊಸಬನನ್ನು ಕೊಳ್ಳಬೇಕೋ, ಹಳಬನನ್ನೇ ಇಟ್ಟುಕೊಳ್ಳಬೇಕೋ ಎಂಬುದು ತಕರಾರು. ಅವರ ಜಗಳ ಕಿವಿಯಲ್ಲಿ, ಈ ಅಂಗಿ ಕೈಯಲ್ಲಿ. ನಾನು ಟ್ರಂಕಿನ ಪಕ್ಕದಲ್ಲೇ ಕುಸಿದು ಕುಳಿತೆ. ಮೂರನೇ ಕ್ಲಾಸು ಓದಿದ ಹೆಂಗಸು ನಾನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ರಾಯಚೂರಿನಲ್ಲಿ ನಾವಿದ್ದ ಓಣಿಯ ತುದಿಗೆ ಆಟದ ಬಯಲು, ಬಯಲಿಗೆ ಮುಖ ಮಾಡಿ ಟೇಲರ್ ಅಣ್ಣನ ಅಂಗಡಿ. ಅಂಗಡಿ ಎಂದರೆ ಒಂದು ಮಷೀನು, ಬಟ್ಟೆ ಕತ್ತರಿಸುವ ಒಂದು ಮೇಜು, ಹೊರಗೆ ಕೂರಲು ಕಲ್ಲಿನ ಕಟ್ಟೆ. ಎಲ್ಲವೂ ಅವನ ಮಾವನವು. ಮಗಳನ್ನು ಕೊಟ್ಟು ಮಾವನೇ ಕೂರಿಸಿದ್ದ. ‘ನಂದು ಮಾನ್ವಿ. ಹಿಂದ ಮುಂದ ಯಾರೂ ಇಲ್ಲ’ ಎಂದು ಅಣ್ಣ ಕೇಳಿದವರಿಗೆಲ್ಲ ಹೇಳುತ್ತಿದ್ದ. ಹಣೆಗೆ ವಿಭೂತಿ, ಬಾಯಲ್ಲಿ ಒಂದು ಒರಟು ಮಾತಿಲ್ಲ. ತೋಳು ಮಾತ್ರ ಬಲು ಉದ್ದ. ಕುಳಿತಲ್ಲಿಂದಲೇ ಎದುರು ಗೋಡೆಯ ಮೊಳೆಯಿಂದ ಕತ್ತರಿ ತೆಗೆಯುತ್ತಿದ್ದ. ನಾನು ಮಧ್ಯಾಹ್ನದ ಮೇಲೆ ಹೋಗಿ ಕಾಜಾ ಹೊಲಿದು ಗುಂಡಿ ಹಚ್ಚಿ ಬರುತ್ತಿದ್ದೆ. ಅವನು ನನಗೆ ತಂಗಿ ಎನ್ನುತ್ತಿದ್ದ, ನಾನು ಅವನಿಗೆ ಅಣ್ಣಾ ಎನ್ನುತ್ತಿದ್ದೆ.

ನನ್ನ ಗಂಡ ಹತ್ತಿ ಮಿಲ್ಲಿನ ಫುಟ್‌ಬಾಲ್ ತಂಡದಲ್ಲಿ ನಡುವೆ ಆಡುತ್ತಿದ್ದ. ಅದಕ್ಕೆ ಮುಂಚೆ ಅದೇ ಮಿಲ್ಲಿನಲ್ಲಿ ಹತ್ತಿಯ ದೊಡ್ಡ ಮೂಟೆ, ಅಂಡಿಗೆ, ಹೊರುವ ಹಮಾಲ. ಚೆಂಡು ಚೆನ್ನಾಗಿ ಆಡುತ್ತಾನೆಂದು ಸಾಹುಕಾರ ಅವನನ್ನು ತೂಕದ ಕಾಟಾದ ಮುಂದೆ ಚೀಟಿ ಬರೆಯಲು ಕೂರಿಸಿದ್ದ. ಆ ಕುರ್ಚಿ ನಡುವೆ ಆಡುವವನ ಕುರ್ಚಿ. ಆಡುವವನು ಬದಲಾದರೆ ಕುರ್ಚಿಯಲ್ಲಿ ಕೂರುವವನೂ ಬದಲು. ನನಗೆ ಎರಡು ಕೂಸು, ಅವನಿಗೆ ಕೆಟ್ಟುಹೋದ ಮೊಣಕಾಲು. ಮತ್ತೆ ಅಂಡಿಗೆ ಹೊರು ಎಂದರೆ ಆ ಮೊಣಕಾಲು ಒಂದು ಸುಗ್ಗಿಯನ್ನೂ ತಡೆಯುತ್ತಿರಲಿಲ್ಲ.

ಸಂಜೆಯಾದರೆ ಅಂಗಡಿಯ ಕಟ್ಟೆಯ ಮೇಲೆ ಆಟದ ಹುಚ್ಚರ ಸಂತೆ. ದೊಡ್ಡ ಗಂಟಲು ದವಾಖಾನೆಯ ಕಂಪೌಂಡರ್ ಸಾಹೇಬರದು. ಸಾಹುಕಾರನಿಗೆ ಆಟದ ಗಂಧವಿರಲಿಲ್ಲ. ಕಂಪೌಂಡರ್, ಟೇಲರ್ ಇಬ್ಬರೂ ಒಪ್ಪಿದರೆ ಮಾತ್ರ ಹೊಸ ಆಟಗಾರನಿಗೆ ನೌಕರಿ ಕೊಡುತ್ತಿದ್ದ. ಅಣ್ಣ ಮೇಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಗುಂಡಿ ಡಬ್ಬಿ ಸುರಿದು ಆಟ ಹೂಡುತ್ತಿದ್ದ. ನಮ್ಮವರು ಬಿಳಿ ಗುಂಡಿ, ಎದುರಿನವರು ಕರಿ ಗುಂಡಿ. ನಟ್ಟನಡುವಿನ ಬಿಳಿ ಗುಂಡಿ ನನ್ನ ಗಂಡ. ಅದರ ಅಂಚು ಒಡೆದಿತ್ತು.

ಒಂದು ಸಂಜೆ ಕಂಪೌಂಡರ್ ಸಾಹೇಬರು ಆ ಗುಂಡಿಯನ್ನು ಬೆರಳಿನಿಂದ ಬಡಿದು ಅಣ್ಣನ ಕಡೆ ನೋಡಿದರು. ‘ಮಾಸ್ಟರ್, ಇದನ್ನ ಡಬ್ಬ್ಯಾಗ ಹಾಕ್ರಿ. ಎರಡನೇ ಅರ್ಧದಾಗ ಇವನ ಬಾಜೂಕ ಎತ್ತಿನ ಬಂಡಿ ಹೋದ್ರೂ ಮುಂದ ದಾಟತದ.’

ಕಟ್ಟೆಯೆಲ್ಲ ನಕ್ಕಿತು. ನಾನು ಸೂಜಿ ಹಿಡಿದು ಅಲ್ಲೇ ಕುಳಿತಿದ್ದೆ. ‘ಕಟ್ಟಿ ಮ್ಯಾಲೆ ಕುಂತು ಆಡಿದ್ರ ಯಾರಿಗೂ ದಣಿವಾಗಂಗಿಲ್ಲ ಬಿಡ್ರಿ ಸಾಹೇಬ್ರ’ ಎಂದೆ.

‘ಅರೇ ಭಾಬಿ, ನಾರಾಜ್ ಆಗಬ್ಯಾಡ್ರಿ. ನಾವು ಗುಂಡಿ ಮಾತು ಆಡಾಕತ್ತೀವಿ.’

ದೇವದುರ್ಗದ ಕಡೆಯ ಇಪ್ಪತ್ತು ವರ್ಷದ ಹುಡುಗನೊಬ್ಬ ನಡುವೆ ಬಹಳ ಚೆನ್ನಾಗಿ ಆಡುತ್ತಾನೆಂಬ ಸುದ್ದಿ ಆಗ ಓಡಾಡುತ್ತಿತ್ತು. ಅವನನ್ನು ತರಬೇಕೆಂದು ಮೊದಲು ಹಟ ಹಿಡಿದವನು ಟೇಲರ್ ಅಣ್ಣನೇ. ‘ಅಂಗಿಗಿ ಹಿಂದಿನ ತುಂಡು, ಮುಂದಿನ ತುಂಡು ಎಷ್ಟು ಛಲೋ ಇದ್ರೇನು? ನಡುವಿನ ಹೊಲಿಗಿ ಬಿಟ್ರ ಮುಗೀತು. ಆ ಹುಡುಗ ಹೊಲಿಗಿ ಹಾಕಿದಂಗ ಆಡ್ತಾನಂತ. ತರಬೇಕು’ ಎಂದು, ಅಂಚು ಒಡೆದ ಗುಂಡಿ ತೆಗೆದು ಅಲ್ಲಿ ಹಿತ್ತಾಳೆಯ ಗುಂಡಿ ಇಟ್ಟ. ಸೂಜಿ ನನ್ನ ಬೆರಳಿಗೆ ಇಳಿಯಿತು. ‘ಆಟ ಬ್ಯಾರೆ, ಮನಿ ಬ್ಯಾರೆ, ತಂಗಿ’ ಎಂದ. ಬೇರೆ ಆಗಿದ್ದರೆ ನನ್ನ ಗಂಡನ ಕುರ್ಚಿ ಯಾಕೆ ಅಲ್ಲಾಡಬೇಕು ಎಂದು ಬಾಯಿಗೆ ಬಂತು, ನುಂಗಿದೆ.

ಆ ಹುಡುಗ ಮಾನ್ವಿಯಲ್ಲಿ ಒಂದು ಪಂದ್ಯ ಆಡುತ್ತಾನೆಂದು ತಿಳಿದು ಇವರೆಲ್ಲ ಮಿಲ್ಲಿನ ಲಾರಿ ಹತ್ತಿ ನೋಡಲು ಹೋದರು. ಮರುದಿನ ಕಟ್ಟೆಯ ಮೇಲೆ ಕಂಪೌಂಡರ್ ಸಾಹೇಬರ ಬಾಯಿಗೆ ಬೀಗವಿಲ್ಲ. ‘ಏನ್ ಆಡ್ತಾನ್ರೀ! ಈ ಮಾಸ್ಟರ್ ಮಾತ್ರ ಅರ್ಧ ಆಟಕ್ಕ ಎದ್ದು ಲಾರ್ಯಾಗ ಹೋಗಿ ಟವೆಲ್ ಮುಚ್ಕೊಂಡು ಕುಂತ್ರು. ಹುಡುಗ ಬೇವಿನ ಗಿಡದ ತೆಳಗ ಅವರವ್ವನ ಹತ್ರ ನೀರು ಕುಡಿಯಾಕ ಹೋದ, ಅಷ್ಟೊತ್ತಿಗೇ ಇವರಿಗಿ ತಲಿಶೂಲಿ. ಹುಟ್ಟಿದೂರು ಅಂತಾರ, ಮಾನ್ವ್ಯಾಗ ಇವರ ಗುರುತು ಹಿಡಿಯೋ ಒಂದು ನಾಯಿನೂ ಸಿಗಲಿಲ್ಲ!’

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ‘ಆ ಹುಡುಗ ಬ್ಯಾಡ’ ಎಂದ.

ಹೋಗುವಾಗ ಬೇಕು ಎಂದವನು ಬರುವಾಗ ಬೇಡ ಎನ್ನುತ್ತಾನೆ! ‘ಯಾಕ್ರೀ?’ ಎಂದು ಸಾಹೇಬರು ಹತ್ತು ಸಲ ಕೇಳಿದರು. ‘ನಮಗ ಒಗ್ಗಂಗಿಲ್ಲ’ ಎಂಬುದೊಂದೇ ಉತ್ತರ. ನನಗೂ ಆಶ್ಚರ್ಯವಾಯಿತು, ಆಮೇಲೆ ಖುಷಿಯಾಯಿತು. ನನ್ನ ಮಕ್ಕಳ ಮುಖ ನೋಡಿ ಮನಸ್ಸು ಬದಲಿಸಿದ ಎಂದುಕೊಂಡೆ. ಶೇಂಗಾ ಹೋಳಿಗೆ ಮಾಡಿ ಅವನ ಮನೆಗೆ ಕೊಟ್ಟು ಬಂದೆ. ದಡ್ಡಿ ನಾನು.

ಸಾಹೇಬರು ಬಿಡುವ ಪೈಕಿಯವರಲ್ಲ. ಭಾನುವಾರ ಹುಡುಗ ಬಂದು ನಮ್ಮ ಬಯಲಿನಲ್ಲಿ ಆಡಲಿ, ಸೋಮವಾರ ಸಾಹುಕಾರರ ಎದುರೇ ತೀರ್ಮಾನವಾಗಲಿ ಎಂದು ಗೊತ್ತು ಮಾಡಿದರು. ಅವನಿಗೊಂದು ತಂಡದ ಅಂಗಿ ಹೊಲಿಯಲು ಬಟ್ಟೆಯೂ ಬಂತು. ಸಾಹುಕಾರ ಪೇಪರಿನಲ್ಲಿ ಯಾವುದೋ ಪರದೇಶದ ತಂಡದ ಚಿತ್ರ ನೋಡಿದ್ದನಂತೆ, ಅದಕ್ಕೆ ತುಂಬು ತೋಳು. ರಾಯಚೂರಿನ ಬಿಸಿಲಿಗೆ ತುಂಬು ತೋಳು!

‘ಅಳತಿ ಎಲ್ಲಿ ಅದ ಅಣ್ಣಾ?’ ಎಂದೆ. ‘ಕಣ್ಣಳತಿ ಸಾಕು’ ಎಂದ. ಆದರೆ ಮರುದಿನ ನಾನು ಸ್ವಲ್ಪ ಬೇಗ ಹೋದಾಗ ಅವನು ಬನಿಯನ್ನಿನಲ್ಲಿ ನಿಂತಿದ್ದ. ತನ್ನದೇ ಅಂಗಿಯನ್ನು ಹಳದಿ ಬಟ್ಟೆಯ ಮೇಲೆ ಹಾಸಿ, ತೋಳಿನ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಅವಸರದ ಕೆಲಸ, ಹೀಗೆ ಮಾಡುತ್ತಿದ್ದಾನೆ ಎಂದುಕೊಂಡು ನನ್ನ ಪಾಡಿಗೆ ನಾನು ಕಾಜಾ ಹೊಲಿದೆ.

ಭಾನುವಾರ ಬೆಳಿಗ್ಗೆ ಹುಡುಗ ಅಂಗಿ ತೊಟ್ಟು ನೋಡಲು ಬಂದ. ಒಣಕಲು ಮೈ, ಧೂಳು ಕಾಲು. ಒಳಗೆ ಬಂದವನೇ ಮಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಇದೇನಪ್ಪಾ ಎಂದೆ.

‘ನಮ್ಮವ್ವನೂ ಮಷೀನ್ ತುಳಿತಾಳ್ರಿ ಅಕ್ಕಾ. ನಾ ತೊಟ್ಟಿಲಾಗ ಇದ್ದಾಗ ನಮ್ಮಪ್ಪ ಮಷೀನ್ ಬಿಟ್ಟು ಎದ್ದು ಹ್ವಾದನಂತ. ಅವನೂ ಟೇಲರೇ.’

ಹೇಳುತ್ತಲೇ ಅಂಗಿಗೆ ತೋಳು ತೂರಿಸಿದ. ಮುಂಗೈಗೆ ಬಂದು ನಿಂತಿತು ತೋಳು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅವನ ಎದುರಿಗೆ ಟೇಪು ಹಿಡಿದು ಅಣ್ಣ ನಿಂತಿದ್ದ. ಅವೇ ತೋಳು, ಮೊಣಕಾಲ ತನಕ ಜೋತು ಬಿದ್ದ ಅವೇ ಕೈ… ತೊಡೆಯ ಮೇಲಿದ್ದ ಗುಂಡಿ ಡಬ್ಬಿ ನೆಲಕ್ಕೆ ಬಿತ್ತು. ಹುಡುಗ ಮಂಡಿಯೂರಿ ಒಂದೊಂದೇ ಗುಂಡಿ ಆರಿಸಿಕೊಟ್ಟ. ಅಣ್ಣ ಬಗ್ಗಲಿಲ್ಲ, ಗೋಡೆ ನೋಡುತ್ತಿದ್ದ.

ಹೊರಡುವಾಗ ಹುಡುಗ ಅವನಿಗೆ ಕೈ ಮುಗಿದ. ‘ನಿಮ್ಮ ಮಾತು ನಡಿತದಂತ ಅಣ್ಣಾರ. ಸಾವುಕಾರ್ರಿಗಿ ಒಂದು ಮಾತು ಹೇಳ್ರಿ. ನೌಕರಿ ಸಿಕ್ರ ಅವ್ವನ್ನೂ ಇಲ್ಲಿಗೇ ಕರ್ಕೊಂಡು ಬರ್ತೀನಿ.’

ಗುಂಡಿ ಹಚ್ಚಿಡಿ ಎಂದು ಅಂಗಿ ಬಿಟ್ಟು ಬಯಲಿಗೆ ಹೋದ. ಅಣ್ಣ ಮಷೀನಿಗೆ ಕುಳಿತು ತುಳಿಯತೊಡಗಿದ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಎಂದೂ ಅವನಿಗೆ ನೀನು ಎಂದವಳಲ್ಲ ನಾನು, ಅವತ್ತು ಎಂದೆ. ‘ಅವ ನಿನ್ನ ಮಗ ಹೌದೋ ಅಲ್ಲೋ?’

ಮಷೀನು ನಿಲ್ಲಲಿಲ್ಲ. ತಲೆ ಎತ್ತದೆ ಹೇಳಿದ. ‘ನಿನ್ನ ಗಂಡನ ಕುರ್ಚಿ ಉಳಿತದ, ತಂಗಿ. ಬಾಯಿ ಮುಚ್ಕೊಂಡಿರು.’

ಅಷ್ಟು ಮೆತ್ತಗಿನ ದನಿಯಲ್ಲಿ ಅಂಥ ಮಾತು ಬಂದದ್ದನ್ನು ಅದುವರೆಗೆ ಕೇಳಿರಲಿಲ್ಲ. ಕೆಟ್ಟವನ ಬಾಯಿಂದ ಬಂದಿದ್ದರೆ ಬೈದು ಎದ್ದು ಹೋಗುತ್ತಿದ್ದೆ. ಇವನಿಗೆ ಏನೆಂದು ಬೈಯಲಿ…

ಅವತ್ತು ಹುಡುಗ ಆಡಿದ ಆಟವನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ನನ್ನ ಗಂಡನನ್ನು ಎದುರು ಕಡೆಗೆ ಹಾಕಿದ್ದರು. ಹುಡುಗ ಚೆಂಡನ್ನು ಅವನ ಎಡಕ್ಕೆ ಒಯ್ದ, ಬಲಕ್ಕೆ ಒಯ್ದ, ಒಮ್ಮೆ ಕಾಲ ಸಂದಿಯಲ್ಲೇ ತೂರಿಸಿ ಒಯ್ದ. ಸೊಂಟಕ್ಕೆ ಕೈ ಕೊಟ್ಟು ನಿಂತ ನನ್ನ ಗಂಡನನ್ನು ನೋಡಿ ನಾನೇ ಸೆರಗು ಬಾಯಿಗೆ ಇಟ್ಟುಕೊಂಡೆ.

ಸೋಮವಾರ ಸಂಜೆ ಸಾಹುಕಾರ ಅಂಗಡಿಗೆ ಬಂದು ಕುಳಿತ. ಅಣ್ಣ ಗುಂಡಿ ಹೂಡಿದ. ನಡುವೆ ಹಿತ್ತಾಳೆಯ ಗುಂಡಿ ಇಟ್ಟು ಅದನ್ನು ಮುಂದೆ ಸರಿಸಿದ. ‘ಚೆಂಡು ಹಿಡ್ಕೊಂಡು ಮುಂದ ಹೋಗ್ತಾನ, ಖರೆ ಅದ. ಬಿಟ್ಟು ಹೋದ ಜಾಗಾ ಯಾರು ಕಾಯಬೇಕು? ಒಮ್ಮೆನೂ ಹಿಂದಕ್ಕ ಹೊರಳಿ ನೋಡಂಗಿಲ್ಲ ಅವ.’ ಖಾಲಿ ಬಿದ್ದ ಜಾಗದಲ್ಲಿ ಒಂದು, ಎರಡು, ಮೂರು ಕರಿ ಗುಂಡಿ ತೂರಿಸಿ ನಮ್ಮ ಗೋಲಿಗೆ ಮುಟ್ಟಿಸಿದ. ಇದನ್ನು ಹೇಳುವಾಗ ಅವನ ಬೆರಳು ಒಂದಿಷ್ಟೂ ನಡುಗಲಿಲ್ಲ. ಅದೇ ನನಗೆ ಇವತ್ತಿಗೂ ಅರಗಿಲ್ಲ.

‘ಸುಳ್ಳು! ನಿನ್ನಿ ಹಿಂದಕ್ಕ ಬಂದು ನಾಕು ಸಲ ಚೆಂಡು ಕಸ್ಕೊಂಡಾನ’ ಎಂದು ಸಾಹೇಬರು ಮೇಜು ಗುದ್ದಿದರು, ಗುಂಡಿಗಳು ಹಾರಿದವು. ಆಟ ತಿಳಿಯದ ಸಾಹುಕಾರನಿಗೆ ಗೋಲಿನಲ್ಲಿ ಕುಳಿತ ಕರಿ ಗುಂಡಿಗಳಷ್ಟೇ ಕಾಣುತ್ತಿದ್ದವು. ಆಗ ಸಾಹೇಬರು ನನ್ನ ಕಡೆ ತಿರುಗಿದರು. ‘ಭಾಬಿ, ನೀವೂ ನಿನ್ನಿ ನೋಡೀರಿ. ದಿಲ್ ಮ್ಯಾಲೆ ಕೈ ಇಟ್ಟು ಹೇಳ್ರಿ, ಹಳಬನೋ, ಹೊಸಬನೋ?’

ಯಾರೂ ನಗಲಿಲ್ಲ. ಹಳಬನ ಹೆಂಡತಿಯೇ ಹೊಸಬ ಎಂದರೆ ಸಾಹುಕಾರನಿಗೆ ಬೇರೆ ಮಾತೇ ಉಳಿಯುತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಅಣ್ಣನೂ ನೋಡುತ್ತಿದ್ದ.

‘ನನಗೇನು ತಿಳಿತದ್ರಿ ಆಟ?’ ಎಂದು ಹಲ್ಲಿನಿಂದ ದಾರ ಕಡಿದೆ.

ಹುಡುಗನಿಗೆ ಬಸ್ಸಿನ ಖರ್ಚು ಕೊಟ್ಟು ಕಳಿಸಿದರು. ಕಂಪೌಂಡರ್ ಸಾಹೇಬರು ಮತ್ತೆ ಆ ಕಟ್ಟೆ ಹತ್ತಲಿಲ್ಲ. ನನ್ನ ಗಂಡ ಇನ್ನೂ ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕುಳಿತ. ಆ ಅನ್ನ ನಾನೂ ಉಂಡೆ, ಮಕ್ಕಳಿಗೂ ಉಣಿಸಿದೆ. ಅಣ್ಣನ ಅಂಗಡಿಗೆ ಕಾಜಾ ಹೊಲಿಯಲು ಹೋಗುವುದನ್ನೂ ಬಿಡಲಿಲ್ಲ. ನಮ್ಮಿಬ್ಬರ ನಡುವೆ ಆ ಮಾತು ಮತ್ತೆ ಬರಲಿಲ್ಲ. ಅಷ್ಟೇ ಅಲ್ಲ, ಬೇರೆ ಮಾತೂ ಬರಲಿಲ್ಲ.

ಎಂಬತ್ತರ ದಶಕದ ನಡುವೆ ಅಣ್ಣ ಎದೆನೋವಿನಿಂದ ಹೋದ. ಅಂಗಡಿ ಖಾಲಿ ಮಾಡುವಾಗ ಅವನ ಹೆಂಡತಿ ಪೇಪರಿನಲ್ಲಿ ಸುತ್ತಿದ ಈ ಅಂಗಿ ತಂದುಕೊಟ್ಟಳು. ‘ಕಾಜಾ ನಿಮ್ಮ ಕೈಯವು, ನೀವೇ ಒಯ್ರಿ’ ಎಂದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ಚೆಂಡಾಡುವ ಹುಡುಗನ ಅವ್ವ, ಬಟ್ಟೆ ಹೊಲಿಯುವಾಕೆಯ ಮನೆ ಯಾವುದು ಎಂದು ಕೇಳಿದರೆ ಎರಡನೆಯವರೇ ತೋರಿಸಿದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಮಷೀನಿನ ಮುಂದೆ ಕುಳಿತಿದ್ದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅಂಗಿಯನ್ನು ತೆಗೆದುಕೊಂಡು ಒಳಮೈ ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದಳು. ಕಂಕುಳ ಹತ್ತಿರ ಬೆರಳು ನಿಂತಿತು, ಹೊಲಿದ ಕೈಯ ಗುರುತು ಸಿಕ್ಕಿತ್ತು.

‘ಹೋದನೇನು?’ ಎಂದಳು.

ಹ್ಞೂಂ ಎಂದೆ.

‘ನನ್ನ ಮಗಗ ಹೇಳಬ್ಯಾಡ್ರಿ. ಅವರಪ್ಪ ಎಂದೋ ಸತ್ತಾನ ಅಂತ ಹೇಳೀನಿ.’ ಅಂಗಿ ಮಡಚಿ ನನ್ನ ಕೈಗೇ ಕೊಟ್ಟಳು. ನನ್ನ ಪಾಲಿನ ತಪ್ಪನ್ನು ಹೇಳಬೇಕೆಂದೇ ಅಲ್ಲಿಯ ತನಕ ಹೋದವಳು, ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವನು ಕಂಡ. ಬಸ್ಸಿನ ಮೇಲಿನ ಚೀಲಗಳನ್ನು ಇಳಿಸುತ್ತಿದ್ದ. ಅಷ್ಟುದ್ದ ತೋಳು, ಏಣಿ ಅರ್ಧ ಹತ್ತಿದರೆ ಸಾಕಿತ್ತು ಅವನಿಗೆ. ಗುರುತು ಹಿಡಿದವನೇ ಇಳಿದು ಬಂದ. ‘ಅಕ್ಕಾ, ಆರಾಮ ಅದೀರೇನ್ರಿ? ಯಜಮಾನ್ರು ಇನ್ನಾ ಆಡ್ತಾರೇನು? ಛಲೋ ಆಡ್ತಿದ್ರು ಅವರು.’ ಕುಹಕವಿಲ್ಲ, ಸಿಟ್ಟಿಲ್ಲ, ನಿಜವಾಗಿ ಕೇಳುತ್ತಿದ್ದ. ಅಂಗಿ ನನ್ನ ಚೀಲದಲ್ಲಿತ್ತು. ಚೀಲ ಅವಚಿಕೊಂಡು ಬಸ್ಸು ಹತ್ತಿದೆ. ಬಸ್ಸು ಬಿಟ್ಟಿತು…

ಈಗ ಅಣ್ಣನಿಲ್ಲ, ಕಂಪೌಂಡರ್ ಸಾಹೇಬರಿಲ್ಲ, ನನ್ನ ಗಂಡನೂ ಇಲ್ಲ. ಆ ಹುಡುಗ ಬದುಕಿದ್ದರೆ ಅರವತ್ತು ದಾಟಿರಬೇಕು. ಮತ್ತೆ ವಿಚಾರಿಸಲು ನಾನು ಹೋಗಲಿಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂರುತ್ತಾನೆ, ಕಟ್ಟೆಯನ್ನು ರಸ್ತೆ ನುಂಗಿತು.

ಪಡಸಾಲೆಯ ಜಗಳ ಬಗೆಹರಿಯಲಿಲ್ಲ. ಕೊನೆಗೆ ಚಿಕ್ಕ ಮೊಮ್ಮಗಳು ಒಳಗೆ ಬಂದು ನನ್ನ ಹೆಗಲು ಅಲ್ಲಾಡಿಸಿದಳು. ‘ಯಜ್ಜೀ, ನೀ ಹೇಳು. ಹಳಬನೋ, ಹೊಸಬನೋ?’

‘ಹೊಸಬನ್ನ ತರ್ರಿ’ ಎಂದೆ.

ಹೊರಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ‘ಯಜ್ಜಿಗೇನು ಗೊತ್ತದ ಆಟ!’

ಗೊತ್ತಿತ್ತು. ಆಗಲೂ ಗೊತ್ತಿತ್ತು.