ಖಾಲಿ ಕುರ್ಚಿಯನ್ನು ಕೇಳಿದ ನರ್ಸ್

ಬಿಟ್ಟುಬಂದ ದೇಶದಲ್ಲಿ ಆಕೆಯನ್ನು ಎಲ್ಲರೂ ‘ದೊಡ್ಡ ಸಿಸ್ಟರ್’ ಎನ್ನುತ್ತಿದ್ದರು. ಆಪರೇಷನ್ ಆದವರ ಒಂದು ಇಡೀ ವಾರ್ಡು ಆಕೆಯ ಕೈಯಲ್ಲಿತ್ತು. ಬಂದು ಸೇರಿದ ದೇಶದಲ್ಲಿ ಆಕೆ ವೃದ್ಧಾಶ್ರಮದ ಸಹಾಯಕಿ. ಹಾಸಿಗೆ ಬದಲಿಸಬಹುದು, ಮೈ ಒರೆಸಬಹುದು, ಜ್ವರದ ಮಾತ್ರೆ ಮುಟ್ಟುವಂತಿಲ್ಲ. ಮಾತ್ರೆ ಕೊಡುವ ನರ್ಸ್ ಒಂದು ಕಾಲಕ್ಕೆ ಆಕೆಯ ಹತ್ತಿರವೇ ಸೂಜಿ ಹಿಡಿಯಲು ಕಲಿತ ಕಿರಿಯಳು. ಕಿರಿಯಳಿಗೆ ಈ ದೇಶದ ನರ್ಸಿಂಗ್ ಮಂಡಳಿಯಲ್ಲಿ ರಿಜಿಸ್ಟ್ರೇಷನ್ ಆಗಿತ್ತು, ದೊಡ್ಡ ಸಿಸ್ಟರಿಗೆ ಆಗಿರಲಿಲ್ಲ.

ಸರ್ಟಿಫಿಕೇಟುಗಳ ಪರಿಶೀಲನೆ ಮುಗಿದಿತ್ತು. ಭಾಷಾ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೂತು ಬರೆಯುವ ಪರೀಕ್ಷೆ ಎರಡೂ ಪಾಸು. ಉಳಿದದ್ದು ಕೈಕೆಲಸದ ಪರೀಕ್ಷೆ: ಮಂಚದ ಮೇಲೆ ರೋಗಿಯ ಬದಲು ರಬ್ಬರಿನ ಗೊಂಬೆ, ಮೂಲೆಯಲ್ಲಿ ಟಿಕ್ಕು ಹಾಕುವ ಪರೀಕ್ಷಕಿ. ಅದರಲ್ಲಿ ಆಕೆ ಫೇಲಾದಳು. ‘ಮಾತುಕತೆ ಸಾಲದು’ ಎಂದು ಫಲಿತಾಂಶ ಬಂತು. ಎಲ್ಲಿ ಸಾಲದು, ಹೇಗೆ ಸಾಲದು ಎಂದು ಬಿಡಿಸಿ ಹೇಳುವ ಅಭ್ಯಾಸ ನರ್ಸಿಂಗ್ ಮಂಡಳಿಗೆ ಇಲ್ಲ. ತನ್ನ ಉಚ್ಚಾರಣೆಯೇ ಕೈಕೊಟ್ಟಿತೆಂದು ತಿಳಿದು, ಆಕೆ ತಿಂಗಳುಗಟ್ಟಲೆ ಕನ್ನಡಿ ಮುಂದೆ ನಾಲಿಗೆ ಹೊರಳಿಸಿದಳು. ಇನ್ನೊಂದೇ ಅವಕಾಶವಿತ್ತು. ಅದೂ ಹೋದರೆ ಮತ್ತೆ ಮೊದಲಿನಿಂದ ಅರ್ಜಿ. ವೀಸಾ ಅಷ್ಟು ಕಾಲ ಕಾಯುವುದಿಲ್ಲ.

ಒಂದು ರಜೆಯ ದಿನ ಕಿರಿಯಳು ಅಭ್ಯಾಸ ಮಾಡಿಸಲು ಮನೆಗೆ ಬಂದು ಪರೀಕ್ಷಕಿಯಾದಳು. ದೊಡ್ಡ ಸಿಸ್ಟರಿನ ಗಂಡ ಮಂಚದ ಮೇಲೆ ಉದ್ದಕ್ಕೆ ಮಲಗಿ ಗೊಂಬೆಯಾದ.

“ಗೊಂಬೆಗೆ ಕಾಫಿ ಕೊಡ್ತಾರಾ?” ಎಂದ.

“ಸುಮ್ನೆ ಬಿದ್ಕೊಳ್ರೀ.”

ಆಕೆ ಕೈ ತೊಳೆದಳು, ತನ್ನ ಹೆಸರು ಹೇಳಿದಳು, ಗಂಡನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಆಮೇಲೆ ಮಂಚದ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, “ನೋವು ಜಾಸ್ತಿ ಇದೆಯಂತಾ? ಬೆಳಿಗ್ಗೆ ಏನಾದ್ರೂ ತಿಂದ್ರಾ ಇವರು?” ಎಂದಳು.

ಗೊಂಬೆ ಒಂದು ಕಣ್ಣು ತೆರೆಯಿತು. “ಲೇ, ಹುಷಾರಿಲ್ದಿರೋದು ನನಗಾ, ಕುರ್ಚಿಗಾ?”

ಕಿರಿಯಳು ನಗಲಿಲ್ಲ. “ಅಕ್ಕಾ, ಪರೀಕ್ಷೆ ರೂಮಲ್ಲೂ ಕುರ್ಚಿ ಇತ್ತಾ?”

“ಇತ್ತು.”

“ಅಲ್ಲೂ ಕುರ್ಚಿನೇ ಕೇಳಿದ್ರಾ?”

ದೊಡ್ಡ ಸಿಸ್ಟರ್ ಅದೇ ಕುರ್ಚಿಯಲ್ಲಿ ಕುಸಿದು ಕೂತಳು.

ಆ ಹಳೆಯ ವಾರ್ಡಿನಲ್ಲಿ ರೋಗಿಗಳು ನೆಲದ ಮೇಲೂ ಮಲಗಿರುತ್ತಿದ್ದರು. ನರ್ಸ್ ಒಬ್ಬಳೇ. ಮಾತ್ರೆ ನುಂಗಿಸುವುದು, ಮಗ್ಗುಲು ಬದಲಿಸುವುದು, ಗ್ಲೂಕೋಸ್ ಬಾಟಲಿ ಮುಗಿಯಿತೆಂದು ಕೂಗುವುದು, ಎಲ್ಲವೂ ಜೊತೆಗೆ ಬಂದ ಹೆಂಡತಿಯ, ಮಗನ ಪಾಲು. ಕೆಲಸ ಮಾಡುವವರಿಗೇ ತಾನೇ ಹೇಳಬೇಕು? ರೋಗಿಯ ತಲೆಯ ಮೇಲಿಂದ ಪಕ್ಕದಲ್ಲಿ ಕೂತವರಿಗೆ ಮಾತು ದಾಟಿಸುವುದನ್ನು ಆಕೆಗೆ ಕಲಿಸಿದ್ದು ಆ ಬಡ ವಾರ್ಡು. ಆ ವಾರ್ಡಿಗೆ ಇನ್ನಿಬ್ಬರು ನರ್ಸುಗಳನ್ನು ಕೊಡದ ದೊರೆಗಳು ಯಾವ ಪರೀಕ್ಷೆಗೂ ಕೂತವರಲ್ಲ. ಇತ್ತ ನರ್ಸುಗಳಿಲ್ಲ ಎಂದು ಬಾಯಿ ಬಡಿದುಕೊಳ್ಳುವ ಈ ದೇಶದ ಮಂಡಳಿಗೆ, ಮಲಗಿರುವವರನ್ನೇ ಕೇಳಮ್ಮ ಎಂಬ ಒಂದು ಸಾಲು ಬರೆಯಲು ಕೈ ಬರಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಮಂಡಳಿ ಬಯಸಿದ್ದು ತಪ್ಪಲ್ಲ. ನೋವು ಯಾರದೋ ಅವರನ್ನೇ ಕೇಳಬೇಕು.

ಎರಡನೇ ಸಲ ಆಕೆ ಗೊಂಬೆಯ ಮುಖವನ್ನೇ ನೋಡಿ ಮಾತಾಡಿದಳು. ಪಾಸಾದಳು.

ಆಸ್ಪತ್ರೆಯಲ್ಲಿ ನರ್ಸಾಗಿ ಮೊದಲ ದಿನ, ಒಬ್ಬ ಅಜ್ಜಿ. ಪಕ್ಕದ ಕುರ್ಚಿಯಲ್ಲಿ ಮಗ. ಕೇಳಿದ್ದಕ್ಕೆಲ್ಲ ಅವನೇ ಪಟಪಟ ಉತ್ತರ ಕೊಟ್ಟ: ಹೊಟ್ಟೆನೋವು, ನಿನ್ನೆಯಿಂದ, ಏನೂ ತಿಂದಿಲ್ಲ.

“ಸ್ವಲ್ಪ ತಾಳಪ್ಪ, ಅಮ್ಮನೇ ಹೇಳ್ಲಿ,” ಎಂದಳು ದೊಡ್ಡ ಸಿಸ್ಟರ್.

ಅಜ್ಜಿ ಮೊದಲು ಮಗನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಹೊಟ್ಟೆ ಅಲ್ಲ ತಾಯಿ, ಬೆನ್ನು. ತುಂಬಾ ದಿನ ಆಯ್ತು,” ಎಂದಳು.